ಬಿಡುವಿನ ಮಾತು: ಮೊದಲು ಬಂದ ಹಕ್ಕಿ

ಗುಮಾಸ್ತನಿಗೂ ಹಕ್ಕಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಕಡತದ ಧೂಳು ಕುಡಿದು ಬದುಕುವವನಿಗೆ ಕಾಗೆ, ಗುಬ್ಬಿ, ಪಾರಿವಾಳ ಈ ಮೂರರ ಪರಿಚಯವಿದ್ದರೆ ಅದೇ ಹೆಚ್ಚು. ನನ್ನ ವಿದ್ಯೆಯೂ ಅಷ್ಟೇ ಇತ್ತು. ಒಂದು ಚಳಿಗಾಲದ ಭಾನುವಾರ ಸ್ನೇಹಿತರೊಬ್ಬರು ನನ್ನನ್ನು ಪುಣೆಯಿಂದ ಭಿಗವಣದ ಕಡೆಗೆ, ಉಜನಿ ಅಣೆಕಟ್ಟಿನ ಹಿನ್ನೀರಿಗೆ ಎಳೆದುಕೊಂಡು ಹೋದರು. ಅಲ್ಲಿ ಒಂದು ಬೋಳು ಮರದ ಮೇಲೆ ದೊಡ್ಡ ಹಕ್ಕಿಯೊಂದು ಕುಳಿತಿತ್ತು. ಕಂದು ಬೆನ್ನು, ಬಿಳಿ ಹೊಟ್ಟೆ, ಕಣ್ಣಿನ ಮೇಲೆ ಹಾದುಹೋದ ಕಪ್ಪು ಪಟ್ಟಿ. ನೋಡುತ್ತಿದ್ದಂತೆಯೇ ಎದ್ದಿತು, ಕಾಲು ಮುಂದೆ ಚಾಚಿ ನೀರಿಗೆ ಬಿತ್ತು, ಮೀನು ಹಿಡಿದು ಮೇಲಕ್ಕೆದ್ದಿತು. ಮೀನಿನ ತಲೆ ಮುಂದಾಗಿರುವಂತೆ ಹಿಡಿದು ಹಾರಿಹೋದ ಅದರ ಠೀವಿಯನ್ನು ಏನು ಹೇಳಲಿ! ಇಂಗ್ಲಿಷಿನಲ್ಲಿ ಇದಕ್ಕೆ ಆಸ್‌ಪ್ರೇ ಎನ್ನುತ್ತಾರೆ. ನಾವು ಮೀನುಗಿಡುಗವೆನ್ನೋಣ. ನಮ್ಮ ಕೆರೆಗಳಿಗೆ ಇದು ಚಳಿಗಾಲದ ಅತಿಥಿ. ಗೂಡು ಕಟ್ಟಲು ಉತ್ತರದ ದೂರದ ನಾಡುಗಳಿಗೆ ಹೊರಟುಹೋಗುತ್ತದೆ.

ಗೂಡನ್ನೂ ನೋಡಬೇಕೆಂಬ ಹುಚ್ಚು ಹಿಡಿಯಿತು. ನಮ್ಮಲ್ಲಿಗೆ ಬರುವ ಹಕ್ಕಿಯ ಗೂಡು ಸಿಗಲಿಲ್ಲ. ಅದರ ಜ್ಞಾತಿಗಳದು ಸಿಕ್ಕಿತು. ಸ್ಕಾಟ್ಲೆಂಡಿನ ಲಾಖ್ ಆರ್ಕೇಗ್ ಎಂಬ ಸರೋವರದ ಬಳಿಯ ಕಾಡಿನಲ್ಲಿ, ಮರದ ತುದಿಯ ಗೂಡಿಗೆ ಕ್ಯಾಮೆರಾ ಹೂಡಿದ್ದಾರೆ. ನಮಗೆ ರಾತ್ರಿ ಒಂಬತ್ತು ಗಂಟೆಯಾದಾಗ ಅಲ್ಲಿ ಏಪ್ರಿಲಿನ ಸಂಜೆ ನಾಲ್ಕೂವರೆ. ಊಟ ಮುಗಿಸಿ ಫೋನು ಹಿಡಿದು ಕುಳಿತರೆ ಅಲ್ಲಿನ ಬಿಸಿಲೇ ನನ್ನ ಕೋಣೆಗೆ ಬಂದಂತೆ.

ಈ ಹಕ್ಕಿಗಳನ್ನು ಅಲ್ಲಿಯವರು ಒಮ್ಮೆ ಕಳೆದುಕೊಂಡಿದ್ದರು. ಬಂದೂಕಿನವರು, ಮೊಟ್ಟೆ ಕೂಡಿಡುವ ಹವ್ಯಾಸದವರು ಸೇರಿ 1916ರ ಹೊತ್ತಿಗೆ ಬ್ರಿಟನ್ನಿನಲ್ಲಿ ಒಂದು ಗೂಡೂ ಉಳಿಯದಂತೆ ಮಾಡಿದ್ದರು. 1954ರಲ್ಲಿ ಲಾಖ್ ಗಾರ್ಟನ್ ಎಂಬಲ್ಲಿ ಜೋಡಿಯೊಂದು ಮರಳಿ ಬಂದಿತು. 1958ರಲ್ಲಿ ಕಾವಲಿದ್ದರೂ ರಾತ್ರಿ ಕಳ್ಳನೊಬ್ಬ ಮರ ಹತ್ತಿ ಮೊಟ್ಟೆ ಕದ್ದ. ಮರುವರ್ಷ ಪಕ್ಷಿಸಂಘದ ಜಾರ್ಜ್ ವಾಟರ್ಸ್ಟನ್ನರು ಮುಚ್ಚಿಡುವುದಕ್ಕಿಂತ ತೋರಿಸುವುದೇ ಮೇಲೆಂದು ಬಗೆದು ಜನರನ್ನು ಕರೆದರು. ಆ ಬೇಸಗೆಯಲ್ಲಿ ಸುಮಾರು 14,000 ಮಂದಿ ಬಂದು ನೋಡಿದರು. ಮೂರು ಮರಿಗಳು ಹಾರಿದವು.

ನನ್ನನ್ನು ಹಿಡಿದಿಟ್ಟದ್ದು ಈ ಹಕ್ಕಿಗಳ ಸಂಸಾರದ ರೀತಿ. ಚಳಿಗಾಲದಲ್ಲಿ ಸ್ಕಾಟ್ಲೆಂಡಿನ ಮೀನುಗಿಡುಗಗಳು ಪಶ್ಚಿಮ ಆಫ್ರಿಕಾದತ್ತ ಹೋಗುತ್ತವೆ. ಹೋಗುವಾಗ ಗಂಡ ಹೆಂಡತಿ ಜೊತೆಯಾಗಿ ಹೋಗುವುದಿಲ್ಲ. ಅಲ್ಲಿ ಒಟ್ಟಿಗೆ ಇರುವುದೂ ಇಲ್ಲ. ಮಾರ್ಚಿನ ಕೊನೆಗೋ ಏಪ್ರಿಲಿನ ಮೊದಲಿಗೋ ಹಳೆಯ ಗೂಡಿಗೆ ಒಂದು ಹಕ್ಕಿ ಬರುತ್ತದೆ. ಬಂದದ್ದೇ ಕಡ್ಡಿ ಸರಿಪಡಿಸುತ್ತದೆ. ಮತ್ತೊಂದು ಬದುಕಿದೆಯೇ, ದಾರಿಯಲ್ಲಿದೆಯೇ, ಒಂದೂ ಅದಕ್ಕೆ ತಿಳಿಯದು.

ಓದುಗರೆ, ಇದು ನನ್ನ ಮನೆಯ ಕಥೆಯೂ ಹೌದು. ನಾನು ಪುಣೆಯಲ್ಲಿ, ನಮ್ಮಾಕೆ ಧಾರವಾಡದ ಕಡೆಯ ಹಳ್ಳಿಯೊಂದರಲ್ಲಿ ಶಾಲೆಯ ಮಾಸ್ತರಿಣಿ. ಮಗಳು ತಾಯಿಯ ಬಳಿ. ಏಪ್ರಿಲಿನಲ್ಲಿ ಶಾಲೆಗೆ ರಜೆ ಬಿಟ್ಟರೆ ನಮ್ಮ ಗೂಡು ತುಂಬುತ್ತದೆ. ತುಂಬಿದ ಮೊದಲ ಸಂಜೆಯೇ ನಾನು, "ಎಷ್ಟು ದಿನ ಹೀಗೆ? ರಾಜೀನಾಮೆ ಕೊಟ್ಟುಬಿಡು" ಎಂದು ರಾಗ ತೆಗೆಯುತ್ತಿದ್ದೆ. ಅಲ್ಲಿಂದ ಎರಡು ದಿನ ಮಾತಿಲ್ಲ. ಎರಡು ತಿಂಗಳೂ ಇಲ್ಲದ ರಜೆಯಲ್ಲಿ ಎರಡು ದಿನವೆಂದರೆ ಎಷ್ಟಾಯಿತು, ಲೆಕ್ಕದ ಗುಮಾಸ್ತನಾದ ನನಗೇ ಹೊಳೆದಿರಲಿಲ್ಲ.

ಹೊಳೆದದ್ದು 2021ರಲ್ಲಿ. ಆರ್ಕೇಗಿನ ಗೂಡಿನಲ್ಲಿ 2017ರಿಂದ ಲೂಯಿ, ಐಲಾ ಎಂಬ ಜೋಡಿ ಸಂಸಾರ ಹೂಡಿತ್ತು. 2020ರಲ್ಲಿ ಮೂರು ಮರಿ ಬೆಳೆಸಿತ್ತು. 2021ರ ಏಪ್ರಿಲಿನಲ್ಲಿ ಲೂಯಿ ಬಂದ. ಐಲಾ ಬರಲಿಲ್ಲ. ಇತ್ತ ಕೊರೋನಾದ ಎರಡನೆಯ ಅಲೆ. ಗಡಿಯಲ್ಲಿ ತಪಾಸಣೆ, ಆಮೇಲೆ ಬಸ್ಸೂ ನಿಂತಿತು. ನಮ್ಮಾಕೆಯೂ ಬರಲಾಗಲಿಲ್ಲ. ಆರು ವರ್ಷದ ಮಗಳು ದಿನವೂ ಫೋನಿನಲ್ಲಿ ಕೇಳುತ್ತಿದ್ದಳು: "ಅಪ್ಪಾ, ಅವ್ವ ಹಕ್ಕಿ ಬಂತೇನು?" ಒಂದು ರಾತ್ರಿ, "ಬರಲಿಲ್ಲಂದ್ರ ಏನ್ ಮಾಡತದಪಾ?" ಎಂದಳು. ನನಗೆ ಉತ್ತರ ಬರಲಿಲ್ಲ.

ಲೂಯಿ ಉತ್ತರ ಕೊಟ್ಟ. ದೋರ್ಖಾ ಎಂಬ ಹೊಸ ಹೆಣ್ಣಿನೊಂದಿಗೆ ಹತ್ತಿರದ ಬೇರೆ ಮರದಲ್ಲಿ ಗೂಡು ಹೂಡಿದ. "ಏನ್ರೀ, ನೋಡಿದಿರೇನು ನಿಮ್ಮ ಗಂಡಹಕ್ಕಿ ನಿಷ್ಠಾ?" ಎಂದು ನಮ್ಮಾಕೆ ನಕ್ಕಳು. ನಾನೂ ನಕ್ಕೆ. ಆದರೆ ಆಮೇಲೆ ನಿದ್ರೆ ಬರಲಿಲ್ಲ. ಹಕ್ಕಿಯನ್ನು ಬಯ್ಯುವಂತಿಲ್ಲ, ಅದಕ್ಕೆ ವೇಳೆಯಿಲ್ಲ. ಏಪ್ರಿಲಿನಲ್ಲಿ ಮೊಟ್ಟೆ, ಸುಮಾರು ಮೂವತ್ತೇಳು ದಿನ ಕಾವು, ಮರಿ ಹಾರಲು ಮತ್ತೆ ಏಳೆಂಟು ವಾರ, ಆಗಸ್ಟಿನಲ್ಲಿ ತಾಯಿ ಹೊರಟೇ ಹೋಗಬೇಕು. ಉತ್ತರದ ಬೇಸಗೆ ಕಾಯುವವರಿಗಾಗಿ ನಿಲ್ಲುವುದಿಲ್ಲ. 2024ರಲ್ಲಿ ಲೂಯಿಯೂ ಮರಳಲಿಲ್ಲ. ದೋರ್ಖಾ ಹೊಸ ಗಂಡಿನ ಜೊತೆಗೂಡಬೇಕಾಯಿತು.

ಹಕ್ಕಿಗೆ ಸುದ್ದಿಯಿಲ್ಲ, ಕಾಯಲು ಕಾಲವಿಲ್ಲ. ನನಗೆ ಎರಡೂ ಇದ್ದವು. ದಿನವೂ ಅವಳ ದನಿ ಕೇಳುತ್ತಿತ್ತು. ಇಂದಲ್ಲ ನಾಳೆ ಬಸ್ಸು ಬಿಡುತ್ತಿತ್ತು. ಇಷ್ಟನ್ನು ಕೈಯಲ್ಲಿಟ್ಟುಕೊಂಡು ನಾನು ಸಿಕ್ಕ ದಿನಗಳನ್ನು ಜಗಳಕ್ಕೆ ಕೊಟ್ಟಿದ್ದೆ. ಆ ಜುಲೈಯಲ್ಲಿ ಅವರು ಬಂದಿಳಿದಾಗ ರಾಜೀನಾಮೆಯ ಮಾತು ಎತ್ತಲಿಲ್ಲ. ಇಂದಿಗೂ ಎತ್ತಿಲ್ಲ. ಅವಳ ಶಾಲೆಯ ಮಕ್ಕಳ ಹೆಸರುಗಳು ಈಗ ನನಗೆ ಬಾಯಿಪಾಠ.

ಏಪ್ರಿಲ್ ಬಂದರೆ ಈಗ ನಾನೇ ಮೊದಲ ಹಕ್ಕಿ. ಜೇಡರ ಬಲೆ ತೆಗೆಯುತ್ತೇನೆ, ಹಾಸಿಗೆ ಬಿಸಿಲಿಗೆ ಹಾಕುತ್ತೇನೆ, ಮಾವಿನಹಣ್ಣು ತಂದಿಡುತ್ತೇನೆ. ಗಂಡು ಮೀನುಗಿಡುಗ ಮೀನಿನ ತಲೆಯನ್ನು ತಾನು ತಿಂದು ಉಳಿದದ್ದನ್ನು ಹೆಂಡತಿಗೆ ತರುವುದುಂಟೆಂದು ಒಮ್ಮೆ ಬಾಯಿತಪ್ಪಿ ಹೇಳಿದ್ದೆ. ಕಳೆದ ಸಲ ನಮ್ಮಾಕೆ ಬುಟ್ಟಿಯನ್ನು ಎಣಿಸಿ ನೋಡಿ, "ಡಜನ್ ತಂದೇನಿ ಅಂದ್ರಿ, ಹತ್ತೇ ಅದಾವಲ್ರೀ! ತಲೀ ತಿಂದ ಮ್ಯಾಲ ಉಳಿದದ್ದೇನು?" ಎಂದಳು.

ಎರಡು ಹಣ್ಣು ಎಲ್ಲಿ ಹೋದವೆಂದು ನಾನು ಹೇಳಲಿಲ್ಲ. ಮೊದಲು ಬಂದ ಹಕ್ಕಿಗೂ ಹಸಿವೆಯಾಗುವುದಿಲ್ಲವೆ?