ಕೊಂಡ ಪುಸ್ತಕ ಯಾರ ಸ್ವತ್ತು?

2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಅಲ್ಲಿ ಕೊಂಡ ಪುಸ್ತಕಗಳೆಲ್ಲ ಓದುಗರ ಕೈತಪ್ಪಿದವು. ಸಂಸ್ಥೆ ಹಣ ಹಿಂದಿರುಗಿಸಿತು. ಟಿಪ್ಪಣಿ ಬರೆದುಕೊಂಡಿದ್ದವರಿಗೆ ಹೆಚ್ಚುವರಿಯಾಗಿ 25 ಡಾಲರ್ ಜಮೆ ಮಾಡಿತು. ಅದಕ್ಕೂ ಹತ್ತು ವರ್ಷ ಮೊದಲು, 2009ರಲ್ಲಿ, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣಕ್ಕೆ ಅಮೆಜಾನ್ ತನ್ನ ಗ್ರಾಹಕರ ಕಿಂಡಲ್‌ಗಳಿಂದ ಜಾರ್ಜ್ ಆರ್ವೆಲ್‌ನ ಕೃತಿಗಳನ್ನು ದೂರದಿಂದಲೇ ಅಳಿಸಿಹಾಕಿತ್ತು. ಅವುಗಳಲ್ಲಿ ಒಂದು ಸರ್ವಾಧಿಕಾರವನ್ನು ಕುರಿತ '1984' ಆಗಿದ್ದುದು ವಿಧಿಯ ವಿನೋದವಿರಬೇಕು.

ನನ್ನ ಆಕ್ಷೇಪ ಹಣದ ಬಗ್ಗೆ ಅಲ್ಲ. ಪುಸ್ತಕ ಕೊಂಡೆವೆಂದು ನಾವು ಭಾವಿಸುತ್ತೇವೆ. ಬಹುಪಾಲು ನಮಗೆ ದೊರೆಯುವುದು ಒಂದು ಕಂಪೆನಿಯ ವ್ಯವಸ್ಥೆಯೊಳಗೆ, ಅದರ ಮರ್ಜಿ ಇರುವತನಕ, ಓದುವ ಪರವಾನಗಿ ಮಾತ್ರ.

ಇದಕ್ಕೆ ಪರಿಹಾರವೇ ಇಲ್ಲವೆಂದಲ್ಲ. ಸೋನಿ ಕಂಪೆನಿಯ ಓದುಸಾಧನವು ಲಿನಕ್ಸ್ ಗಣಕದೊಡನೆ ಹೊಂದಿಕೊಳ್ಳದಿದ್ದಾಗ, 2006ರಲ್ಲಿ ಭಾರತ ಮೂಲದ ಕೋವಿದ್ ಗೋಯಲ್ ತಾವೇ ಒಂದು ತಂತ್ರಾಂಶ ಬರೆಯತೊಡಗಿದರು. ಅದೇ ಇಂದಿನ 'ಕ್ಯಾಲಿಬರ್'. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುವ ಈ ಮುಕ್ತ ತಂತ್ರಾಂಶಕ್ಕೆ ಹಣ ತೆರಬೇಕಿಲ್ಲ. ಅದು ಪುಸ್ತಕಗಳನ್ನು ಲೇಖಕರ ಹೆಸರಿನ ಸಾಮಾನ್ಯ ಫೋಲ್ಡರುಗಳಲ್ಲಿ ಜೋಡಿಸಿಡುತ್ತದೆ. ನಾಳೆ ಕ್ಯಾಲಿಬರ್ ಇಲ್ಲವಾದರೂ ಪುಸ್ತಕಗಳು ಅಲ್ಲೇ ಉಳಿಯುತ್ತವೆ. ಇಪಬ್ ಕಡತವನ್ನು ಕಿಂಡಲ್ಲಿಗೆ ಒಗ್ಗುವ ರೂಪಕ್ಕೆ ಪರಿವರ್ತಿಸಿಕೊಡುತ್ತದೆ. ಆದರೆ ಮಾರಾಟಗಾರರು ಬೀಗ ಹಾಕಿದ ಪುಸ್ತಕವನ್ನು ಅದು ಪರಿವರ್ತಿಸದು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಅಂಥ ಬೀಗ ಮುರಿಯುವುದು 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಡಿ ಶಿಕ್ಷಾರ್ಹ.

ಕನ್ನಡಿಗರಿಗೆ ಈ ಪಾಠ ಹೊಸದಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮುಂತಾದವುಗಳ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕಡತಗಳನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದು ನೋಡಿ: ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪಿಡಿಎಫ್ ಮಾಡಿಟ್ಟರೆ ಸಾಕೆಂಬ ನಂಬಿಕೆಯೂ ಪೂರ್ಣ ಸರಿಯಲ್ಲ. ಯಾವ ಅಕ್ಷರ ಪುಟದ ಯಾವ ಮೂಲೆಯಲ್ಲಿ ಕೂರಬೇಕೆಂಬುದೇ ಪಿಡಿಎಫ್‌ನ ಮುಖ್ಯ ಚಿಂತೆ; ಅದರಿಂದ ಪಠ್ಯವನ್ನು ಹೊರತೆಗೆದಾಗ ಒತ್ತಕ್ಷರ, ಗುಣಿತಗಳು ಚೆಲ್ಲಾಪಿಲ್ಲಿಯಾಗುವುದುಂಟು. ಚಿಕ್ಕ ಪರದೆಯಲ್ಲಿ ಅದನ್ನು ಓದುವ ಹಿಂಸೆ ಬೇರೆ. ಇಪಬ್ ಹಾಗಲ್ಲ. ಅದು ಜಾಲಪುಟಗಳಂಥ ಪುಟಗಳನ್ನು ಒಂದು ಜಿಪ್ ಕಡತದಲ್ಲಿ ಕಟ್ಟಿಟ್ಟ ಗಂಟು; ಯಾರು ಬೇಕಾದರೂ ಬಿಚ್ಚಿ ನೋಡಬಹುದು.

ಬೀಗವಿಲ್ಲದೆ ಮಾರಿದರೆ ಕಳ್ಳಪ್ರತಿಗಳು ಹಬ್ಬುತ್ತವೆಂಬುದು ಪ್ರಕಾಶಕರ ಅಳುಕು. ಅಳುಕು ಸಹಜ. ಆದರೆ ಅಚ್ಚಾದ ಪುಸ್ತಕವನ್ನೇ ಸ್ಕ್ಯಾನ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರನ್ನು ಯಾವ ಬೀಗ ತಡೆದಿದೆ? ಬೀಗದ ಕಷ್ಟ ಅನುಭವಿಸುವವನು ದುಡ್ಡು ಕೊಟ್ಟ ಪ್ರಾಮಾಣಿಕ ಓದುಗನೇ. ಖಾಸಗಿ ಪ್ರಕಾಶಕರು ತಮ್ಮ ಲಾಭನಷ್ಟ ನೋಡಿಕೊಂಡು ನಿರ್ಧರಿಸಲಿ. ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಸಾರ್ವಜನಿಕ ಹಣದಿಂದ ಪ್ರಕಟಿಸುವ ಕೃತಿಗಳಿಗಾದರೂ ಸರ್ಕಾರ ಒಂದು ನಿಯಮ ಮಾಡಬೇಕು: ಪುಸ್ತಕ ಅಚ್ಚಿಗೆ ಹೋಗುವ ಮುನ್ನವೇ ಯೂನಿಕೋಡ್ ಪಠ್ಯದ, ಬೀಗವಿಲ್ಲದ ಒಂದು ಇಪಬ್ ಪ್ರತಿ ಸಿದ್ಧವಾಗಿರತಕ್ಕದ್ದು.