ಮಾತ್ರೆ ಶೀಟ್ ಓದೋಕೆ ಬರುತ್ತಾ?

ಎಕ್ಸಾಮ್ ಟೈಮಲ್ಲಿ ಯಾವ ಹಾಸ್ಟೆಲ್ಲಿಗೆ, ಪಿಜಿಗೆ ಬೇಕಾದ್ರೂ ಹೋಗಿ ನೋಡಿ. ಒಬ್ರಿಗೆ ಜ್ವರ ಬಂದ್ರೆ ಐದು ರೂಮಿಂದ ಐದು ಥರದ ಮಾತ್ರೆ ಬರುತ್ತೆ. "ಲಾಸ್ಟ್ ಟೈಮ್ ನಂಗೆ ಇದ್ರಲ್ಲೇ ಕಮ್ಮಿ ಆಯ್ತು, ತಗೋ." ಪ್ರೀತಿಯಿಂದಲೇ ಕೊಡ್ತಾರೆ. ಆದ್ರೆ ಶೀಟ್ ಹಿಂದೆ ಏನು ಬರೆದಿದೆ ಅಂತ ಕೊಟ್ಟವರೂ ಓದಿರಲ್ಲ, ನುಂಗಿದವರೂ ಓದಿರಲ್ಲ.

ನಾವು ಬಿಕಾಂನೋರು ಬ್ಯಾಲೆನ್ಸ್ ಶೀಟ್ ಓದೋಕೆ ಮೂರು ವರ್ಷ ಕಲೀತೀವಿ. ಮಾತ್ರೆ ಶೀಟ್ ಓದೋಕೆ ಹತ್ತು ನಿಮಿಷ ಸಾಕು, ಅದನ್ನ ಮಾತ್ರ ಯಾರೂ ಕಲಿಸಲ್ಲ. ಕಾಲೇಜಲ್ಲಿ ಆರೋಗ್ಯ ಜಾಗೃತಿ ಇಲ್ಲಿಂದಲೇ ಶುರುವಾಗ್ಬೇಕು ಅನ್ನೋದು ನನ್ನ ಅಭಿಪ್ರಾಯ.

👉 ಮೊದಲು ಔಷಧದ ಹೆಸರು ಓದಿ, ಬ್ರ್ಯಾಂಡ್ ಆಮೇಲೆ.
ಡೋಲೋ 650, ಕ್ಯಾಲ್ಪಾಲ್ ಎರಡರಲ್ಲೂ ಇರೋದು ಪ್ಯಾರಾಸಿಟಮಾಲೇ. ಎಷ್ಟೋ ನೆಗಡಿ ಮಾತ್ರೆಗಳಲ್ಲೂ ಅದೇ ಸೇರಿರುತ್ತೆ. ಈಗ ಲೆಕ್ಕ ಹಾಕಿ: ಜ್ವರಕ್ಕೆ 650 ಮಿ.ಗ್ರಾಂನ ನಾಲ್ಕು ಮಾತ್ರೆ ಅಂದ್ರೆ 2600. ನೆಗಡಿಗೆ ಅಂತ 500 ಇರೋ ಮೂರು ಮಾತ್ರೆ, 1500. ಒಟ್ಟು 4100. ದೊಡ್ಡವರಿಗೆ 24 ಗಂಟೆಯಲ್ಲಿ ಗರಿಷ್ಠ ಮಿತಿ 4000. ಒಂದೇ ಔಷಧನ ಎರಡು ಹೆಸರಲ್ಲಿ ತಗೊಂಡು ಮಿತಿ ದಾಟಿಬಿಟ್ವಿ. ಹೊಡೆತ ಬೀಳೋದು ಲಿವರಿಗೆ.

👉 ಮೈಕೈ ನೋವಿನ ಮಾತ್ರೆ ಹುಷಾರು.
ಮಳೆಗಾಲದ ಜ್ವರ ಡೆಂಗ್ಯೂನೂ ಆಗಿರಬಹುದು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಅದನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿತ್ತು. ಡೆಂಗ್ಯೂ ಇದ್ದಾಗ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ತಗೊಂಡ್ರೆ ರಕ್ತಸ್ರಾವದ ಅಪಾಯ ಜಾಸ್ತಿ. ಡೆಂಗ್ಯೂ ಅಲ್ಲ ಅಂತ ಗೊತ್ತಾಗೋವರೆಗೂ ಇವು ಬೇಡ. ಜ್ವರದ ಜೊತೆ ಹೊಟ್ಟೆನೋವು, ಪದೇ ಪದೇ ವಾಂತಿ, ವಸಡಲ್ಲಿ ರಕ್ತ ಕಂಡ್ರೆ ಬೆಳಗಾಗೋವರೆಗೂ ಕಾಯಬೇಡಿ.

👉 ಕೆಂಪು ಗೆರೆ ನೋಡಿ.
ಶೀಟಿನ ಉದ್ದಕ್ಕೂ ಕೆಂಪು ಗೆರೆ ಇದ್ರೆ ಡಾಕ್ಟರ್ ಚೀಟಿ ಇಲ್ಲದೆ ತಗೊಳ್ಳೋ ಹಾಗಿಲ್ಲ. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇದಕ್ಕಂತಲೇ ಪ್ರಚಾರ ಮಾಡಿತ್ತು. ಆಂಟಿಬಯೋಟಿಕ್‌ಗಳು ಈ ಸಾಲಿಗೇ ಬರುತ್ತೆ. ನೆಗಡಿ ವೈರಸ್‌ನಿಂದ ಬರೋದು, ಆಂಟಿಬಯೋಟಿಕ್ ಸಾಯಿಸೋದು ಬ್ಯಾಕ್ಟೀರಿಯಾನ. ಸುಮ್ಮಸುಮ್ಮನೆ ತಗೊಂಡ್ರೆ ಬ್ಯಾಕ್ಟೀರಿಯಾ ಪಳಗುತ್ತೆ, ನಿಜವಾಗ್ಲೂ ಬೇಕಾದಾಗ ಅದೇ ಮಾತ್ರೆ ಕೆಲಸ ಮಾಡಲ್ಲ. ಸೆಫಿಕ್ಸಿಮ್ ಥರದ್ದನ್ನ ಮಾರಿದ್ರೆ ಮೆಡಿಕಲ್‌ನವರು ರೋಗಿ ಹೆಸರು, ಡಾಕ್ಟರ್ ಹೆಸರು ರಿಜಿಸ್ಟರಲ್ಲಿ ಬರೆದು ಮೂರು ವರ್ಷ ಇಡ್ಬೇಕು ಅಂತ ರೂಲೇ ಇದೆ. ಅಷ್ಟು ಲೆಕ್ಕ ಇಡೋ ಔಷಧನ ನಾವು ಚಾಕ್ಲೇಟ್ ಥರ ಹಂಚ್ತೀವಿ.

"ಡಾಕ್ಟರ್ ಫೀಸ್ ಎಲ್ಲಿಂದ ತರೋದು?" ನ್ಯಾಯವಾದ ಪ್ರಶ್ನೆ. ಪಾಕೆಟ್ ಮನಿಯಲ್ಲಿ ಅದು ದೊಡ್ಡ ಮೊತ್ತಾನೇ. ಅದಕ್ಕೇ ಹೇಳ್ತಿದೀನಿ, ಸರ್ಕಾರಿ ಆಸ್ಪತ್ರೆ ಇದೆ, ಊರುಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ, ನಗರಗಳಲ್ಲಿ ನಮ್ಮ ಕ್ಲಿನಿಕ್ ಇದೆ. ನಮ್ಮ ಕ್ಲಿನಿಕ್‌ನಲ್ಲಿ ಡಾಕ್ಟರ್ ನೋಡೋದೂ ಫ್ರೀ, ಔಷಧಿನೂ ಫ್ರೀ. ಹತ್ತಿರದ್ದು ಎಲ್ಲಿದೆ ಅಂತ ಕೇಳಿದ್ರೆ ನಮ್ಮಲ್ಲಿ ಎಷ್ಟು ಜನ ಹೇಳ್ತೀವಿ?

ಕಾಲೇಜುಗಳಿಗೂ ಒಂದು ಮಾತು. ವರ್ಷಕ್ಕೊಂದು ಕ್ಯಾಂಪ್, ಬ್ಯಾನರ್, ಗ್ರೂಪ್ ಫೋಟೋ ಇರ್ಲಿ, ಬೇಡ ಅನ್ನಲ್ಲ. ಜೊತೆಗೆ ಒಬ್ಬ ಫಾರ್ಮಸಿಸ್ಟನ್ನ ಒಂದು ಗಂಟೆ ಕರೆಸಿ. ಖರ್ಚು ಒಂದು ಕಪ್ ಕಾಫಿ. ನಾವು ನಮ್ಮ ನಮ್ಮ ಬ್ಯಾಗಲ್ಲಿರೋ ಶೀಟ್ ತರ್ತೀವಿ, ಅವರು ಓದೋದು ಕಲಿಸಲಿ.

ಅಲ್ಲಿವರೆಗೆ ಈ ಪೋಸ್ಟ್ ಸೇವ್ ಮಾಡಿಟ್ಕೊಳ್ಳಿ, ರೂಮ್‌ಮೇಟ್‌ಗೆ ಕಳಿಸಿ. ನಿಮ್ಮ ಬ್ಯಾಗಲ್ಲಿ ಈಗ ಯಾವ ಮಾತ್ರೆ ಇದೆ? ಔಷಧದ ಹೆಸರು, ಎಕ್ಸ್‌ಪೈರಿ ಡೇಟ್, ಕೆಂಪು ಗೆರೆ ಇದೆಯೋ ಇಲ್ವೋ, ಮೂರೂ ನೋಡಿ ಕಮೆಂಟಲ್ಲಿ ಹಾಕಿ.

#ಶೀಟ್ಓದಿ #ಹಾಸ್ಟೆಲ್ಆರೋಗ್ಯ #ಬಿಕಾಂಹುಡುಗರು #ಕನ್ನಡ