ಅಮ್ಮನಿಗೆ ನರ್ಸ್ ಬೇಕು, ಮಗಳು ನರ್ಸ್ ಆಗುವುದು ಬೇಡ

ಸಹೋದರಿಯರೇ, ನನಗೆ ಪರಿಚಯವಿರುವ ಒಂದು ಮನೆಯ ಹಿರಿಯ ತಾಯಿ 2024ರಲ್ಲಿ ಹಜ್ಜ್ ಮುಗಿಸಿ ಬಂದರು. ಝಮ್‌ಝಮ್, ಖರ್ಜೂರ ಹಂಚಿಯಾಯಿತು. ನೋಡಲು ಬಂದವರೆದುರು ಅವರು ಮತ್ತೆ ಮತ್ತೆ ಹೇಳಿದ್ದು ಒಬ್ಬ ನರ್ಸ್‌ನ ಮಾತು. ಅಝೀಝಿಯಾದಲ್ಲಿ ಅವರ ಕಾಲಿಗೆ ಬೊಬ್ಬೆ ಬಂದು ಕೀವಾಗಿತ್ತು. ಸಕ್ಕರೆ ಕಾಯಿಲೆ ಬೇರೆ. ಭಾರತೀಯ ಹಜ್ಜ್ ಮಿಷನ್‌ನ ಡಿಸ್ಪೆನ್ಸರಿಯಲ್ಲಿ ಒಬ್ಬ ಹುಡುಗಿ ನೆಲದ ಮೇಲೆ ಕುಳಿತು ಅವರ ಕಾಲು ತೊಳೆದು ಪಟ್ಟಿ ಕಟ್ಟಿದ್ದಳು. "ಪ್ರತಿ ತವಾಫ್‌ನಲ್ಲೂ ಆಕೆಗೆ ದುಆ ಮಾಡಿದೆ" ಎನ್ನುತ್ತಿದ್ದರು. ಹೆಸರು ಮಾತ್ರ ಕೇಳಿಕೊಂಡಿರಲಿಲ್ಲ.

ಈ ಹುಡುಗಿಯರು ಯಾರು ಗೊತ್ತೇ? ರಾಯಭಾರ ಕಚೇರಿ, ಕಾನ್ಸುಲೇಟ್ ಎಂದರೆ ನಮಗೆ ಪಾಸ್‌ಪೋರ್ಟ್, ವೀಸಾ, ಕೋಟು ತೊಟ್ಟ ಅಧಿಕಾರಿಗಳು ಮಾತ್ರ ನೆನಪಾಗುತ್ತಾರೆ. ಆದರೆ ಜಿದ್ದಾದ ಭಾರತೀಯ ಕಾನ್ಸುಲೇಟ್‌ಗೆ ಪ್ರತಿ ವರ್ಷ ಹಜ್ಜ್ ಕಾಲದಲ್ಲಿ ನಮ್ಮ ದೇಶದಿಂದ ವೈದ್ಯರು, ನರ್ಸ್‌ಗಳು, ಫಾರ್ಮಸಿಸ್ಟ್‌ಗಳು ಎರವಲು ಸೇವೆಯ ಮೇಲೆ ಹೋಗುತ್ತಾರೆ. ಇವರು ಸರಕಾರಿ ನೌಕರಿಯಲ್ಲಿರುವವರು. ಮಕ್ಕಾ ನಗರದೊಳಗೆ ಮುಸ್ಲಿಮೇತರರಿಗೆ ಪ್ರವೇಶವಿಲ್ಲದ ಕಾರಣ ಅಲ್ಲಿಯ ಕೆಲಸಕ್ಕೆ ಮುಸ್ಲಿಮ್ ಸಿಬ್ಬಂದಿಯೇ ಬೇಕು. ಸಂಬಳದ ಜೊತೆ ದಿನಭತ್ಯೆ ಸಿಗುತ್ತದೆ, ನಿಜ. ಆದರೆ ಮನೆಯವರನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ಪುಟ್ಟ ಮಕ್ಕಳನ್ನು ಅಜ್ಜಿಯ ಮಡಿಲಲ್ಲಿ ಬಿಟ್ಟು ಹೋಗುವ ತಾಯಂದಿರೂ ಇದ್ದಾರೆ. ಹರಮ್ ಕೆಲವೇ ಕಿಲೋಮೀಟರ್ ದೂರದಲ್ಲಿದ್ದರೂ ಪಾಳಿ ಮುಗಿಯದೆ ಅತ್ತ ಹೋಗುವಂತಿಲ್ಲ.

ಭಾರತದ ಹಜ್ಜ್ ಕೋಟಾ 2024ರಲ್ಲಿ 1,75,025. ಇವರಲ್ಲಿ ವೃದ್ಧರೇ ಬಹಳ. ಜೀವಮಾನವಿಡೀ ಹಣ ಕೂಡಿಸಿ, ಮಕ್ಕಳ ಮದುವೆ ಮುಗಿಸಿ ಹೊರಡುವವರು. ಬಿ.ಪಿ., ಸಕ್ಕರೆ, ಉಬ್ಬಸ, ಮಂಡಿನೋವು ಎಲ್ಲವೂ ಅವರೊಂದಿಗೇ ವಿಮಾನ ಹತ್ತುತ್ತವೆ. ಮಿನಾದ ಡೇರೆಗಳಲ್ಲಿ ಇವರನ್ನು ನೋಡಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಆ ವರ್ಷದ ಹಜ್ಜ್‌ನಲ್ಲಿ ಜಗತ್ತಿಗೇ ಗೊತ್ತಾಯಿತು. ಜೂನ್ 17ರಂದು ಮಕ್ಕಾದ ಉಷ್ಣಾಂಶ 51.8 ಡಿಗ್ರಿ ತಲುಪಿತು. ಎಲ್ಲ ದೇಶಗಳವರೂ ಸೇರಿ 1,301 ಮಂದಿ ಸತ್ತರೆಂದು ಸೌದಿ ಸರಕಾರ ಪ್ರಕಟಿಸಿತು. ಅವರಲ್ಲಿ ಹೆಚ್ಚಿನವರು ಪರವಾನಗಿಯಿಲ್ಲದೆ, ನೆರಳಿಲ್ಲದೆ ನಡೆದು ಹೋದವರು. ಬಿಸಿಲಿನ ಆಘಾತವಾದವರಿಗೆ ಮಾತು ತೊದಲುತ್ತದೆ, ಮೈ ಕೆಂಡದಂತೆ ಸುಡುತ್ತದೆ. ಅವರನ್ನು ಕೂಡಲೇ ನೆರಳಿಗೆ ತಂದು, ಮೈಯೆಲ್ಲ ಒದ್ದೆ ಮಾಡಿ, ಗಾಳಿ ಹಾಕಿ, ಡ್ರಿಪ್ ಏರಿಸಬೇಕು. ಸ್ಥಿತಿ ಗಂಭೀರವಾದರೆ ಆಂಬುಲೆನ್ಸ್‌ನಲ್ಲಿ ಸೌದಿ ಆಸ್ಪತ್ರೆಗೆ ಕಳಿಸಬೇಕು. ಇದರಲ್ಲಿ ನಿಮಿಷಗಳೇ ಲೆಕ್ಕ.

ಇನ್ನು ಹೆಂಗಸರ ವಿಷಯಕ್ಕೆ ಬನ್ನಿ. ನಮ್ಮ ಎಷ್ಟೋ ತಾಯಂದಿರು ಮಿನಾದಲ್ಲಿ ಶೌಚಾಲಯದ ಸಾಲಿಗೆ ಹೆದರಿ ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂತ್ರದ ಉರಿ ಶುರುವಾಗುತ್ತದೆ. ಡಾಕ್ಟರ್ ಗಂಡಸಾದರೆ ಬಾಯಿ ಬಿಡುವುದಿಲ್ಲ. "ತಲೆನೋವು" ಎಂದು ಹೇಳಿ ಒಂದು ಗುಳಿಗೆ ತೆಗೆದುಕೊಂಡು ಬರುತ್ತಾರೆ. ತಿಂಗಳ ಮುಟ್ಟು ಮುಂದೂಡುವ ಗುಳಿಗೆ ನುಂಗಿ ರಕ್ತಸ್ರಾವವಾದರೆ ಯಾರ ಬಳಿ ಹೇಳುವುದು? ಅಲ್ಲಿ ಒಬ್ಬ ನರ್ಸ್ ಪರದೆ ಎಳೆದು, ಪಕ್ಕದಲ್ಲಿ ಕುಳಿತು, ಉರ್ದುವಿನಲ್ಲೋ ಕನ್ನಡದಲ್ಲೋ "ಏನಾಯಿತಮ್ಮಾ?" ಎಂದರೆ ಸಾಕು, ಮನಸ್ಸಿನಲ್ಲಿದ್ದುದೆಲ್ಲ ಹೊರಬರುತ್ತದೆ. 2018ರಿಂದ ನಮ್ಮ ದೇಶದ 45 ದಾಟಿದ ಮಹಿಳೆಯರಿಗೆ ಮೆಹ್ರಮ್ ಇಲ್ಲದೆ ಗುಂಪಿನಲ್ಲಿ ಹಜ್ಜ್‌ಗೆ ಹೋಗಲು ಅನುಮತಿ ಸಿಕ್ಕಿತು. 2024ರಲ್ಲಿ ಹೀಗೆ ಹೋದವರು ಸಾವಿರಾರು. ಇವರಿಗೆ ಗಂಡನೂ ಇಲ್ಲ, ಮಗನೂ ಇಲ್ಲ. ಕಾಯಿಲೆ ಬಿದ್ದರೆ ಆ ನರ್ಸೇ ಮನೆಯವಳು.

ಹೋಗುವವರಿಗೆ ಇಷ್ಟು ಹೇಳಿ: ಮಾತ್ರೆಗಳನ್ನು ಪೊಟ್ಟಣದಿಂದ ಬಿಡಿಸಿ ಡಬ್ಬಿಗೆ ಸುರಿಯಬೇಡಿ, ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲಿಡಿ. "ಬಿಳಿ ಗುಳಿಗೆ, ಬೆಳಗ್ಗೆ ಒಂದು" ಎಂದರೆ ನರ್ಸ್‌ಗೆ ಏನು ತಿಳಿಯಬೇಕು? ಮಸಾಲೆ ಕಟ್ಟುವಾಗ ಗಸಗಸೆ ಸೇರಿಸಬೇಡಿ, ಸೌದಿಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ.

ಮತ್ತೆ ಆ ಮನೆಗೆ ಬರೋಣ. ಮೊಮ್ಮಗಳು ಪಿ.ಯು.ಸಿ. ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಅರ್ಜಿ ತಂದಿದ್ದಳು. ಅಪ್ಪ ಒಪ್ಪಲಿಲ್ಲ. ರಾತ್ರಿ ಪಾಳಿ, ಗಂಡಸರ ವಾರ್ಡ್, ನಾಳೆ ಸಂಬಂಧ ಬರುವುದಿಲ್ಲ; ನಮ್ಮ ಮನೆಗಳಲ್ಲಿ ಕೇಳುವ ಮಾತುಗಳೇ. ಈ ಆತಂಕಗಳೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಕೆಲಸ ಕಠಿಣ, ಖಾಸಗಿ ಆಸ್ಪತ್ರೆಗಳಲ್ಲಿ ಸಂಬಳವೂ ಕಡಿಮೆ, ಸರಕಾರಿ ನೌಕರಿ ಸುಲಭವಾಗಿ ಸಿಗುವುದಿಲ್ಲ. ಆದರೆ ಮರ್ಯಾದೆಯ ಮಾತೆತ್ತುವವರು ಸಹಾಬಿ ಮಹಿಳೆ ರುಫೈದಾ(ರ)ರನ್ನು ಏಕೆ ಮರೆಯುತ್ತಾರೋ! ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಮದೀನಾದ ಮಸೀದಿಯ ಬಳಿಯಿದ್ದ ಅವರ ಡೇರೆಯಲ್ಲಿಯೇ ಇರಿಸಿ ಆರೈಕೆ ಮಾಡಲಾಗಿತ್ತು.

ಒಂದು ತಮಾಷೆ ನೋಡಿ. ಉರ್ದು ಮಾತಾಡುವ ಆ ಮನೆಯಲ್ಲಿ ದಾದಿ ಎಂದರೆ ಅಪ್ಪನ ತಾಯಿ. ಕನ್ನಡದಲ್ಲಿ ದಾದಿ ಎಂದರೆ ನರ್ಸ್. ಮೊಮ್ಮಗಳ ಪರವಾಗಿ ಮಾತಾಡಿದ್ದು ಆ ದಾದಿಯೇ. ಒಂದು ರಾತ್ರಿ ಊಟದ ಹೊತ್ತಿಗೆ ಮಗನನ್ನು ಕೇಳಿದರಂತೆ: "ಅಲ್ಲಿ ನನ್ನ ಕಾಲು ತೊಳೆದವಳೂ ಯಾರದೋ ಮಗಳಲ್ಲವೇನಪ್ಪಾ? ಅವಳ ಅಪ್ಪ ಬೇಡ ಎಂದಿದ್ದರೆ?"

ಮಗ ಉತ್ತರಿಸದೆ ಕೈ ತೊಳೆದು ಎದ್ದರಂತೆ. ನಾನು ಹೋದಾಗ ಅರ್ಜಿ ಟಿ.ವಿ. ಮೇಲೆ ಇತ್ತು, ಸಹಿ ಬಿದ್ದಿರಲಿಲ್ಲ. ಹರಿದು ಎಸೆದೂ ಇರಲಿಲ್ಲ.